ಪಿಚರಿಗೆ ಬದಲಾಗಿ ಅಳಿಯ

ಕೊಲಂಬಸ್, ಓಹಾಯೊ
14 ಆಗಸ್ಟ್ 1988, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗಳು ಜೋಲೀನ್‌ಗೆ,

ಹೇಗಿದ್ದೀಯಮ್ಮ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಎವಾನ್ಸ್‌ವಿಲ್‌ನಿಂದ ಸ್ಯಾಕ್ರಮೆಂಟೊವರೆಗೆ ಐದು ದಿನ ಕಾರಿನಲ್ಲಿ ಕೂತು ಹೋದವಳು ನೀನು. ನಡುನಡುವೆ ಇಳಿದು ಓಡಾಡಿದೆ ಎಂದು ನಿನ್ನ ಅಮ್ಮನಿಗೆ ಹೇಳಿದೆಯಂತೆ. ನಿಜವಾಗಿ ಓಡಾಡಿದೆಯೋ, ಅಥವಾ ಅವಳು ಕೇಳುತ್ತಾಳೆ ಅಂತ ಹಾಗೆ ಹೇಳಿದೆಯೋ, ನನಗೆ ಗೊತ್ತಿಲ್ಲ. ಹೊಸ ಡಾಕ್ಟರು ಹೇಗಿದ್ದಾರೆ? ಅಲ್ಲಿ ಈಗ ನೂರು ಡಿಗ್ರಿ ಬಿಸಿಲಂತೆ. ಮಧ್ಯಾಹ್ನ ಹೊರಗೆ ಹೋಗಬೇಡ. ಗಂಡನ ಬೇಸ್‌ಬಾಲ್ ಆಟ ನೋಡಲೇಬೇಕು ಅನ್ನಿಸಿದರೆ ಮೂರನೇ ಬೇಸಿನ ಕಡೆ ಕೂತುಕೋ. ಆ ಮೈದಾನದಲ್ಲಿ ನೆರಳು ಮೊದಲು ಬರುವುದು ಆ ಬದಿಗೆ. ಹೋದ ವರ್ಷ ಅಲ್ಲಿ ನಾಲ್ಕು ದಿನ ಕೂತು ಕುತ್ತಿಗೆ ಸುಟ್ಟುಕೊಂಡವನು ಹೇಳುತ್ತಿದ್ದೇನೆ.

ಇಲ್ಲಿ ನಾವಿಬ್ಬರೂ ಆರಾಮ. ಅಮ್ಮನ ಮಂಡಿ ಮೊದಲಿನ ಹಾಗೇ ಇದೆ, ಮೆಟ್ಟಿಲಿಗೆ ಬೈಯುವುದೂ ಮೊದಲಿನ ಹಾಗೇ ಇದೆ. ಟೊಮೆಟೊ ಈ ಸಲ ಹೇಗೆ ಬಂದಿದೆಯೆಂದರೆ ಪಕ್ಕದ ಮನೆಯವರು ನನ್ನನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ, ಮತ್ತೆ ಒಂದು ಬುಟ್ಟಿ ತಂದನೇನೋ ಅಂತ. ಜೋಳದ ತೆನೆ ಬೇಯಿಸಿದಾಗಲೆಲ್ಲ ಅಮ್ಮ ಮೂರು ತಟ್ಟೆ ತೆಗೆಯುತ್ತಾಳೆ, ಆಮೇಲೆ ಒಂದನ್ನು ಒಳಗಿಡುತ್ತಾಳೆ. ಎರಡು ವಾರದಿಂದ ನನ್ನ ಜೊತೆ ಮಾತು ಸ್ವಲ್ಪ ಕಮ್ಮಿ. ಅದಕ್ಕೆ ಕಾರಣ ಇದೆ, ಅದನ್ನು ಹೇಳಲೆಂದೇ ಈ ಕಾಗದ.

ಹೋದ ಭಾನುವಾರ ನೀನು ಫೋನ್ ಮಾಡಿದಾಗ ನಾನು ಅಡುಗೆಮನೆಯ ಮೇಜಿನಲ್ಲೇ ಕೂತಿದ್ದೆ. ನಿನ್ನ ದನಿ ನನ್ನವರೆಗೂ ಕೇಳುತ್ತಿತ್ತು. "ಅಪ್ಪ ಕ್ಲಬ್ಬಿನ ಆ ಕೋಣೇಲಿ ಇದ್ದಿದ್ರೆ ರಸ್ಸೆಲ್‌ನ ಹೀಗೆ ಬೇರೆ ಕ್ಲಬ್ಬಿಗೆ ಕೊಡ್ತಾನೇ ಇರ್ಲಿಲ್ಲ ಅಮ್ಮ, ಅವರಿಗೂ ಹೇಳದೆ ಮಾಡಿದಾರೆ ಅನ್ಸುತ್ತೆ" ಅಂದೆ ನೀನು. ಅಮ್ಮ ನನ್ನ ಮುಖ ನೋಡಿದಳು. ಮೂವತ್ತೆರಡು ವರ್ಷದಿಂದ ಆ ನೋಟ ನನಗೆ ಗೊತ್ತು. ನೀನು ಹೇಳ್ತೀಯೋ ನಾನು ಹೇಳಲೋ ಅನ್ನುವ ನೋಟ ಅದು.

ನಾನು ಆ ಕೋಣೆಯಲ್ಲಿ ಇದ್ದೆ ಜೋಲೀನ್. ನಿನ್ನ ಗಂಡನನ್ನು ಸ್ಯಾಕ್ರಮೆಂಟೊದವರಿಗೆ ಕೊಡಿ ಎಂದು ರಸ್ಸೆಲ್‌ನ ಹೆಸರು ಹೇಳಿದವನು ನಾನೇ.

ಈಗ ಕಾಗದ ಮಡಿಸಿಡಬೇಡ, ಪೂರ್ತಿ ಓದು. ನಾನು ಕ್ಲಬ್ಬಿಗೆ ಹೊಸ ಹುಡುಗರನ್ನು ಹುಡುಕುತ್ತಾ ಊರೂರು ತಿರುಗುವಾಗ, ನೀನು ಹದಿನಾರು ವರ್ಷದವಳಿದ್ದಾಗಿಂದ ನನ್ನ ಪಕ್ಕದಲ್ಲಿ ಕೂತು ಓಟ ಅಳೆಯುವ ಗಡಿಯಾರ ಒತ್ತಿದವಳು. ಯಾವ ಹುಡುಗ ಫಸ್ಟ್ ಬೇಸಿಗೆ ಎಷ್ಟು ಸೆಕೆಂಡಿನಲ್ಲಿ ಓಡುತ್ತಾನೆ ಎಂದು ನನಗಿಂತ ಮೊದಲು ಹೇಳುತ್ತಿದ್ದೆ. ಮಿಸೌರಿಯ ಆ ಹೈಸ್ಕೂಲ್ ಮೈದಾನದಲ್ಲಿ ರಸ್ಸೆಲ್ ಕೆಸ್ಲರ್ ಎಂಬ ಉದ್ದ ಕೈಕಾಲಿನ ಹುಡುಗ ಓಡಿದಾಗ ನೀನು ಗಡಿಯಾರ ಒತ್ತುವುದನ್ನೇ ಮರೆತೆ. ಅವತ್ತೇ ನನಗೆ ಗೊತ್ತಾಯಿತು, ಈ ಹುಡುಗ ಬರುವುದು ನಮ್ಮ ಕ್ಲಬ್ಬಿಗೆ ಮಾತ್ರವಲ್ಲ, ನಮ್ಮ ಮನೆಗೂ ಎಂದು. ಹಾಗಾಗಿ ಈ ವ್ಯವಹಾರ ನಿನಗೆ ಹೊಸದಲ್ಲ, ಯಾಕೆ ಎಂದು ವಿವರಿಸಿದರೆ ಅರ್ಥವಾಗುತ್ತದೆ.

ಜುಲೈ ಇಪ್ಪತ್ತೊಂಬತ್ತು, ಶುಕ್ರವಾರ. ನಾವು ಮೊದಲ ಸ್ಥಾನಕ್ಕೆ ಮೂರೇ ಆಟ ಹಿಂದೆ. ಚೆಂಡೆಸೆಯುವ ನಮ್ಮ ಒಳ್ಳೆಯ ಎಡಗೈ ಪಿಚರ್ ಭುಜ ಹಿಡಿದುಕೊಂಡು ಮನೆಗೆ ಹೋಗಿ ಆಗಲೇ ಹತ್ತು ದಿನ. ಕ್ಲಬ್ಬುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಇನ್ನು ಎರಡೇ ದಿನ ಬಾಕಿ. ಹಾರ್ವಿ ಸ್ಟಾಡ್ಲರ್ ನಿನಗೆ ಗೊತ್ತಲ್ಲ, ನಿನ್ನ ಮದುವೆಯಲ್ಲಿ ಮೂರು ಸಲ ಕೇಕು ಹಾಕಿಸಿಕೊಂಡವನು. ಜನರಲ್ ಮ್ಯಾನೇಜರ್ ಕುರ್ಚಿಗೆ ಬಂದ ಮೇಲೆ ಅವನಿಗೆ ಇಂಥ ಅವಕಾಶ ಸಿಕ್ಕಿದ್ದು ಇದೇ ಮೊದಲು. ಬೆಳಿಗ್ಗೆಯೇ ನಮ್ಮನ್ನೆಲ್ಲ ಕರೆಸಿದ್ದ. ಸ್ಯಾಕ್ರಮೆಂಟೊದವರು ಕೊನೆಯ ಸ್ಥಾನದಲ್ಲಿದ್ದಾರೆ, ಕ್ಲೈಡ್ ಹ್ಯಾನ್ಲನ್‌ನನ್ನು ಬಿಡಲು ತಯಾರಿದ್ದಾರೆ ಎಂದು ಸುದ್ದಿ. ಮೂವತ್ನಾಲ್ಕು ವರ್ಷ, ಎಡಗೈ, ದೊಡ್ಡ ಲೀಗಿನಲ್ಲಿ ನೂರೈವತ್ತಕ್ಕೂ ಹೆಚ್ಚು ಆಟ ಗೆದ್ದವನು. ಅಕ್ಟೋಬರಿನ ಚಾಂಪಿಯನ್ ಪಂದ್ಯಗಳಲ್ಲಿ ಆಡಬೇಕು ಅಂತಿರುವವರಿಗೆ ಅಂಥವನೊಬ್ಬ ಬೇಕೇ ಬೇಕು. ಆದರೆ ಅಲ್ಲಿಯ ಜನರಲ್ ಮ್ಯಾನೇಜರ್ ಲೂ ಬೆನಡೆಟ್ಟಿ ಕೇಳಿದ್ದು ನಮ್ಮ ಪಿಂಕ್ನಿಯನ್ನು. ಹತ್ತೊಂಬತ್ತು ವರ್ಷದ ಹುಡುಗ, ಚೆಂಡು ಕಣ್ಣಿಗೆ ಕಾಣಿಸದಷ್ಟು ವೇಗ. ಕೊಡಬೇಡಿ ಅಂದೆ ನಾನು, ಹಾರ್ವಿಯೂ ಕೊಡುವುದಿಲ್ಲ ಅಂದ. ಬದಲಿಗೆ ಒಬ್ಬ ಕ್ಯಾಚರ್, ಒಬ್ಬ ಔಟ್‌ಫೀಲ್ಡರ್ ಕೊಡುತ್ತೇವೆ ಎಂದಾಗ ಬೆನಡೆಟ್ಟಿ ಫೋನಿನಲ್ಲೇ ನಕ್ಕುಬಿಟ್ಟ. "ಕ್ಯಾಚರ್ ಇರಲಿ, ಅವನು ಪರವಾಗಿಲ್ಲ. ಆದರೆ ನಂಗೆ ಬೇಕಾಗಿರೋದು ಫಸ್ಟ್ ಬೇಸ್ ಜಾಗಕ್ಕೆ ಒಬ್ಬ, ಹಾರ್ವಿ. ನಾಳೆಯಿಂದಲೇ ನಿಲ್ಲಿಸೋ ಅಂಥವನು. ಯೋಚನೆ ಮಾಡಿ ಮತ್ತೆ ಫೋನ್ ಮಾಡು" ಅಂತ ಇಟ್ಟುಬಿಟ್ಟ.

ಕೋಣೆಯಲ್ಲಿ ಆರು ಜನ ಇದ್ದೆವು. ಒಬ್ಬ ಕಿಟಕಿ ನೋಡಿದ, ಒಬ್ಬ ಕಾಫಿ ಲೋಟ ನೋಡಿದ, ಒಬ್ಬನಿಗೆ ಇದ್ದಕ್ಕಿದ್ದಂತೆ ಶೂ ದಾರ ಕಟ್ಟಿಕೊಳ್ಳಬೇಕಾಯಿತು. ನನ್ನ ಕಡೆ ಒಬ್ಬರೂ ನೋಡಲಿಲ್ಲ. ಎದುರಿನ ಹಲಗೆಯ ಮೇಲೆ ನಮ್ಮ ಹುಡುಗರ ಹೆಸರೆಲ್ಲ ಚೀಟಿಯಲ್ಲಿ ಬರೆದು ಅಂಟಿಸಿದ್ದರು. ನಮ್ಮ ಕೆಳಗಿನ ಲೀಗಿನ ತಂಡವಾದ ಎವಾನ್ಸ್‌ವಿಲ್ ಸಾಲಿನಲ್ಲಿ, ಫಸ್ಟ್ ಬೇಸ್ ಎಂಬಲ್ಲಿ, ಕೆಸ್ಲರ್ ಎಂದು ಕಾಲು ಅಡಿ ಅಕ್ಷರದಲ್ಲಿತ್ತು. ಕಾಣದವರು ಯಾರೂ ಇರಲಿಲ್ಲ.

"ಇನ್ನೊಬ್ಬ ಔಟ್‌ಫೀಲ್ಡರ್ ಸೇರಿಸಿ ನೋಡೋಣ" ಅಂದ ಹಾರ್ವಿ.

"ಅವನು ಕೇಳ್ತಿರೋದು ಫಸ್ಟ್ ಬೇಸ್" ಅಂದೆ.

"ಕೇಳಿದ್ದೆಲ್ಲ ಕೊಡೋಕಾಗುತ್ತಾ? ರಸ್ಸೆಲ್ ವಿಷಯ ಬೇಡ ಲೈಲ್. ಅದು ಯಾವತ್ತೋ ತೀರ್ಮಾನ ಆಗಿದೆ."

ಯಾವತ್ತು ಅಂತ ಕೇಳಿದೆ. ಹಾರ್ವಿ ಸುಳ್ಳು ಹೇಳಲು ಬಾರದ ಮನುಷ್ಯ. ಡಿಸೆಂಬರಿನಲ್ಲಿ ಅಂದ. ಆಗ ಒಂದಲ್ಲ, ಎರಡು ಕ್ಲಬ್ಬಿನವರು ರಸ್ಸೆಲ್‌ನನ್ನು ಕೇಳಿದ್ದರಂತೆ. ಅದರಲ್ಲಿ ಒಂದು ಕ್ಲಬ್ಬು ಏಪ್ರಿಲ್‌ನಿಂದಲೇ ದೊಡ್ಡ ಲೀಗಿನಲ್ಲಿ ಆಡಿಸುತ್ತೇವೆ ಎಂದೂ ಹೇಳಿತ್ತಂತೆ. "ನಿನ್ನ ಅಳಿಯ ಕಣಯ್ಯಾ. ಇನ್ನೂ ಹೊಸ ಜೋಡಿ. ನಿನ್ನ ಮಗಳನ್ನ ಎಲ್ಲಿಗೋ ಅಟ್ಟಿ ಆಮೇಲೆ ನಿನ್ನ ಮುಖ ಹೇಗೆ ನೋಡೋದು? ಅದಕ್ಕೇ ಬೇಡ ಅಂದೆ. ನಿಂಗೆ ಹೇಳೋದೂ ಬೇಡ ಅನ್ನಿಸ್ತು."

ಹಾರ್ವಿ ಇದನ್ನು ಪ್ರೀತಿಯಿಂದ ಮಾಡಿದ್ದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನೀನೇ ಲೆಕ್ಕ ಹಾಕು ಮಗಳೇ. ನೀವಿಬ್ಬರೂ ಎವಾನ್ಸ್‌ವಿಲ್‌ನ ಆ ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇನ್ನೊಂದು ವರ್ಷ ಕಳೆದದ್ದು ಯಾಕೆ ಅಂತ ನಾನು ತಿಳಿದಿದ್ದೆ? ರಸ್ಸೆಲ್ ಇನ್ನೂ ಮಾಗಿಲ್ಲ ಅಂತ ಕ್ಲಬ್ಬಿನವರು ಭಾವಿಸಿದ್ದಾರೆ ಅಂದುಕೊಂಡಿದ್ದೆ. ಏಪ್ರಿಲ್‌ನಲ್ಲಿ ಅವನಿಗೂ ಹಾಗೇ ಹೇಳಿ ಸಮಾಧಾನ ಮಾಡಿದ್ದೆ. ನಿಜ ಏನೆಂದರೆ ಅವನು ಮಾಗಿ ಆಗಲೇ ಒಂದು ವರ್ಷ. ಅವನ ಮುಂದೆ ಮಾರ್ವಿನ್ ಟಿಬ್ಸ್ ಇದ್ದಾನೆ. ಇಪ್ಪತ್ತಾರು ವರ್ಷ, ವರ್ಷಕ್ಕೆ ಮೂವತ್ತು ಸಲ ಚೆಂಡನ್ನು ಬೇಲಿಯಾಚೆ ಹಾಕುವವನು, ಇನ್ನೂ ಐದು ವರ್ಷದ ಕರಾರು. ಕಾಯಿಲೆ ಕೂಡ ಬೀಳದ ಜಾತಿ. ಟಿಬ್ಸ್ ಜಾಗ ಬಿಡುವ ಹೊತ್ತಿಗೆ ರಸ್ಸೆಲ್‌ಗೆ ಇಪ್ಪತ್ತೆಂಟು ದಾಟುತ್ತದೆ. ಇಪ್ಪತ್ತೆಂಟಕ್ಕೆ ಎವಾನ್ಸ್‌ವಿಲ್‌ನಲ್ಲಿರುವ ಫಸ್ಟ್ ಬೇಸ್ ಆಟಗಾರರನ್ನು ಎಷ್ಟು ಜನರನ್ನು ನೋಡಿದ್ದೇನೆ. ಬಸ್ಸಿನ ಹಿಂದಿನ ಸೀಟಿನಲ್ಲಿ ಇಸ್ಪೀಟು ಕಲಸುತ್ತಾ ಕೂತಿರುತ್ತಾರೆ, ಆಟ ಮುಗಿದ ಮೇಲೆ ಏನು ಕೆಲಸ ಹುಡುಕಲಿ ಅಂತ ನನ್ನನ್ನೇ ಕೇಳುತ್ತಾರೆ. ನನ್ನ ಅಳಿಯನಾದ ಒಂದೇ ತಪ್ಪಿಗೆ ಅವನನ್ನು ಆ ಸೀಟಿನಲ್ಲಿ ಕೂರಿಸಲು ಹೊರಟಿದ್ದರು. ಮುಚ್ಚಟೆಯಿಂದ.

"ಬೆನಡೆಟ್ಟಿಗೆ ಫೋನ್ ಹಚ್ಚು ಹಾರ್ವಿ" ಅಂದೆ. "ರಸ್ಸೆಲ್, ಆ ಕ್ಯಾಚರ್, ಇಬ್ಬರನ್ನೂ ಕೊಡ್ತೀವಿ ಅನ್ನು. ಪಿಂಕ್ನಿ ನಮ್ಮ ಹತ್ರಾನೇ ಇರ್ತಾನೆ, ಹ್ಯಾನ್ಲನ್ ಬರ್ತಾನೆ. ಇದಕ್ಕಿಂತ ಒಳ್ಳೇ ಟ್ರೇಡ್ ನಿಂಗೆ ಸಿಗಲ್ಲ."

"ಮನೇಲಿ ವರ್ನಾಗೆ ಏನು ಹೇಳ್ತೀಯ?"

"ಅದು ನನ್ನ ಪಾಡು."

ಹಾರ್ವಿ ನನ್ನನ್ನು ಹೊರಗೆ ಹೋಗು ಅಂದ, ಸಂಬಂಧಿಕನ ಎದುರು ಮಾತಾಡುವುದು ಚೆನ್ನಾಗಿರಲ್ಲ ಅಂತ. ನಾನು ಹೋಗಲಿಲ್ಲ. ಹೆಸರು ಹೇಳಿದ ಮೇಲೆ ಬಾಗಿಲಾಚೆ ನಿಂತು ಕಿವಿ ಕೊಡುವುದು ನನ್ನಿಂದಾಗದು. ಅದೂ ಒಳ್ಳೆಯದೇ ಆಯಿತು, ಯಾಕೆಂದರೆ ಐದು ನಿಮಿಷಕ್ಕೆ ಬೆನಡೆಟ್ಟಿ, "ಆ ಲೈಲ್ ಬ್ರಾಂಡ್‌ಗೆ ಫೋನ್ ಕೊಡು" ಅಂದ. ನಾನೂ ಅವನೂ ಒಂದೇ ವರ್ಷ ಈ ಕೆಲಸಕ್ಕೆ ಸೇರಿದವರು. ಹಳೆಯ ಕುದುರೆ ಕೊಳ್ಳುವವನು ಹಲ್ಲು ಎಣಿಸುವಂತೆ ಕೇಳಿದ.

"ಲೈಲ್, ನೇರವಾಗಿ ಕೇಳ್ತೀನಿ. ಹುಡುಗ ನಿನ್ನ ಮಗಳ ಗಂಡ. ಅವನನ್ನ ದೇಶದ ಆ ತುದಿಗೆ ಕಳಿಸೋಕೆ ನೀನೇ ಮುಂದೆ ಬಂದಿದೀಯ. ನಂಗೆ ಹೆದರಿಕೆ ಆಗ್ತಿದೆ. ಮಂಡಿ ಹೋಗಿದೆಯಾ, ಬೆನ್ನು ಹೋಗಿದೆಯಾ?"

"ಎರಡೂ ನೆಟ್ಟಗಿವೆ. ನಿನ್ನ ಡಾಕ್ಟರ ಹತ್ರ ತೋರಿಸ್ಕೋ."

"ಕುಡೀತಾನಾ?"

"ಹಾಲು. ದಿನಕ್ಕೆ ಅರ್ಧ ಗ್ಯಾಲನ್."

"ನಿನ್ನ ಮಗಳನ್ನ ಸರಿಯಾಗಿ ನೋಡ್ಕೊಳಲ್ವಾ?"

"ಹಾಗಿದ್ದಿದ್ರೆ ನಿನ್ನ ಹತ್ರ ಯಾಕೆ ಕಳಿಸ್ಲಿ ಲೂ? ಇಲ್ಲೇ ಇಟ್ಕೊಂಡು ವಿಚಾರಿಸ್ಕೊಳ್ತಿದ್ದೆ."

ಅವನು ನಗಲಿಲ್ಲ. "ಮತ್ತೆ ಏನು ಕೊರತೆ?"

"ಕೊರತೆ ನಮ್ಮದು. ಫಸ್ಟ್ ಬೇಸ್ ಇರೋದು ಒಂದೇ, ಅದರ ಮೇಲೆ ಟಿಬ್ಸ್ ನಿಂತಿದಾನೆ."

ಆಮೇಲೆ ನನ್ನ ಪುಸ್ತಕ ತೆಗೆದು ಓದಿದೆ. ಆ ಹಸಿರು ರಟ್ಟಿನ ಪುಸ್ತಕ ನೀನು ನೋಡಿದ್ದೀಯ, ಆದರೆ ರಸ್ಸೆಲ್‌ನ ಪುಟ ನಿನಗೆ ಯಾವತ್ತೂ ತೋರಿಸಿಲ್ಲ. ಕೈ ಬಹಳ ಒಳ್ಳೆಯದು, ನೆಲಕ್ಕೆ ಬಿದ್ದ ಚೆಂಡೂ ಕೈಗೆ ಅಂಟಿಕೊಳ್ಳುತ್ತದೆ. ಓಟ ಸಾಧಾರಣ. ಕೆಟ್ಟ ಚೆಂಡಿಗೆ ಬ್ಯಾಟು ಬೀಸುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬರುತ್ತಾನೆ. ಕೊನೆಯ ಸಾಲನ್ನೂ ಓದಿದೆ: ಎಡಗೈ ಪಿಚರು ನಿಧಾನವಾಗಿ ತಿರುವಿ ಎಸೆದರೆ ಏಮಾರುತ್ತಾನೆ.

"ಇದನ್ನ ಯಾಕಯ್ಯಾ ನಂಗೆ ಹೇಳ್ತೀಯ?" ಅಂದ ಬೆನಡೆಟ್ಟಿ. ಈ ಸಲ ನಕ್ಕ.

"ಹೇಳದಿದ್ರೆ ಒಂದು ವಾರದಲ್ಲಿ ನೀನೇ ಕಂಡ್ಕೊಂಡು ಬೆಂಚಿನ ಮೇಲೆ ಕೂರಿಸ್ತೀಯ. ಕೇಳು ಲೂ. ಮೊದಲನೇ ಸಲ ಏಮಾರ್ತಾನೆ, ಎರಡನೇ ಸಲಾನೂ ಏಮಾರ್ತಾನೆ. ಮೂರನೇ ಸಲ ಇಲ್ಲ. ನಾನು ಆರು ವರ್ಷದಿಂದ ನೋಡ್ತಿದೀನಿ, ಈ ಹುಡುಗ ಎಲ್ಲಾನೂ ಹಾಗೇ ಕಲಿಯೋದು. ಸೀಸನ್ ಮುಗಿಯೋ ತನಕ ಅವನನ್ನ ಕೂರಿಸಲ್ಲ ಅಂತ ಮಾತು ಕೊಡು, ಕರ್ಕೊಂಡು ಹೋಗು."

ಪಕ್ಕದಲ್ಲಿ ಹಾರ್ವಿ ತಲೆ ಚಚ್ಚಿಕೊಳ್ಳುತ್ತಿದ್ದ. ಕೊಡುವವರೂ ನಾವೇ, ಷರತ್ತು ಹಾಕುವವರೂ ನಾವೇನಾ ಅಂತ ಕೈಸನ್ನೆಯಲ್ಲೇ ಕೇಳುತ್ತಿದ್ದ. ಬೆನಡೆಟ್ಟಿ, "ಆಯ್ತು, ದಿನಾ ಆಡಿಸ್ತೀನಿ" ಅಂದ. ಮಧ್ಯಾಹ್ನ ಎರಡೂವರೆಗೆ ಎಲ್ಲ ಮುಗಿಯಿತು. ಹಾರ್ವಿ ನನ್ನ ಬೆನ್ನು ತಟ್ಟಲು ಬಂದವನು ಅರ್ಧಕ್ಕೇ ಕೈ ಇಳಿಸಿದ.

ನಾಲ್ಕು ಗಂಟೆಗೆ ರಸ್ಸೆಲ್‌ನ ಫೋನ್ ಬಂತು, ಎವಾನ್ಸ್‌ವಿಲ್ ಮೈದಾನದಿಂದ. ಮದುವೆಯಾಗಿ ಎರಡು ವರ್ಷವಾದರೂ ನನ್ನನ್ನು ಸರ್ ಅನ್ನುವುದನ್ನು ಅವನು ಬಿಟ್ಟಿಲ್ಲ. "ಸರ್, ಇದರಲ್ಲಿ ನೀವಿದ್ರಾ?" ಅಂತ ಕೇಳಿದ. ನಾನೇ ಹೆಸರು ಹೇಳಿದ್ದು ಅಂದೆ. ಹಿಂದೆ ಯಾರೋ ಬ್ಯಾಟಿಂಗ್ ಅಭ್ಯಾಸ ಮಾಡುವ ಸದ್ದು ಕೇಳಿಸುತ್ತಿತ್ತು. ಬೈಯುತ್ತಾನೆ ಅಂದುಕೊಂಡೆ, ಬೈದಿದ್ದರೆ ಸುಲಭವಾಗುತ್ತಿತ್ತು. ಅವನು ಕೇಳಿದ್ದು ಒಂದೇ ಮಾತು. "ಅಲ್ಲಿ ಆಡ್ತೀನಾ ಸರ್?"

"ದಿನಾ ಆಡ್ತೀಯ."

"ಜೋಲೀನ್‌ಗೆ ನಿಮ್ಮ ಹೆಸರು ನಾನು ಹೇಳಲ್ಲ. ಅದನ್ನ ನೀವೇ ಹೇಳ್ಬೇಕು."

ಹದಿನಾರು ದಿನ ತಡವಾಗಿದೆ, ಒಪ್ಪುತ್ತೇನೆ. ಮೊದಲು ನೀವು ದಾರಿಯಲ್ಲಿದ್ದಿರಿ ಎಂದು ನೆಪ ಹೇಳಿಕೊಂಡೆ. ಆಮೇಲೆ ಮನೆ ಹುಡುಕುತ್ತಿದ್ದೀರಿ ಎಂದು. ಐವತ್ತೆಂಟು ವರ್ಷದ ಮನುಷ್ಯ ಮಗಳಿಗೆ ಒಂದು ಕಾಗದ ಬರೆಯಲು ಇಷ್ಟು ಹೆದರಿದ್ದು ನನಗೇ ನಾಚಿಕೆ. ಅದಕ್ಕೆ ಕ್ಷಮೆ ಕೇಳುತ್ತೇನೆ. ಅಷ್ಟು ದಿನ ರಸ್ಸೆಲ್ ನಿನ್ನ ಸಿಟ್ಟನ್ನೆಲ್ಲ ಕೇಳಿಕೊಂಡು ನನ್ನ ಹೆಸರು ಬಾಯಿ ಬಿಡಲಿಲ್ಲವಲ್ಲ, ಅವನಿಗೂ ನನ್ನ ಪರವಾಗಿ ಕ್ಷಮೆ ಕೇಳು.

ಅಮ್ಮನಿಗೆ ಮಾತ್ರ ಅವತ್ತೇ ಸಂಜೆ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಿದ್ದಳು, ನಿಲ್ಲಿಸಲಿಲ್ಲ. "ಬಾಣಂತನಕ್ಕೆ ಮಗಳು ಎರಡು ಗಂಟೆ ದಾರಿಯಲ್ಲಿದ್ದಾಳೆ ಅಂತ ನೆಮ್ಮದಿಯಾಗಿದ್ದೆ ಅಲ್ವಾ ನಾನು" ಅಂದಳು. ಎವಾನ್ಸ್‌ವಿಲ್ ಐದು ಗಂಟೆ ದಾರಿ, ಆದರೆ ಲೆಕ್ಕ ತಿದ್ದುವ ಹೊತ್ತು ಅದಲ್ಲ. "ನೀನು ಸರಿ ಮಾಡಿದ್ದೀಯ ಅಂತ ಗೊತ್ತು ಲೈಲ್. ನಂಗೆ ಸಿಟ್ಟು ಬರ್ತಿರೋದೂ ಅದಕ್ಕೇ" ಅಂದು ಬೀನ್ಸ್ ಎತ್ತಿಕೊಂಡು ಒಳಗೆ ಹೋದಳು.

ಇನ್ನು ಆಟದ ಸುದ್ದಿ. ಹ್ಯಾನ್ಲನ್ ಬಂದ. ಆಡಿದ ಮೂರು ಆಟಗಳಲ್ಲಿ ಎರಡು ಗೆದ್ದಿದ್ದಾನೆ, ಈಗ ನಾವು ಒಂದೇ ಆಟ ಹಿಂದೆ. ಡ್ರೆಸ್ಸಿಂಗ್ ರೂಮಿನಲ್ಲಿ ಅವನು ಕೂತರೆ ಹುಡುಗರು ದನಿ ತಗ್ಗಿಸುತ್ತಾರೆ, ಪಿಂಕ್ನಿ ಅವನ ಹಿಂದೆಯೇ ನೆರಳಿನ ಹಾಗೆ ತಿರುಗುತ್ತಾನೆ. ಊರಿನ ಜನ ಹಾರ್ವಿಯನ್ನು ಹೋಟೆಲಿನಲ್ಲಿ ಎದ್ದು ನಿಂತು ಮಾತಾಡಿಸುತ್ತಾರೆ. ಇನ್ನು ರಸ್ಸೆಲ್. ನಿಮ್ಮ ಕಡೆಯ ಆಟ ತಡವಾಗಿ ಮುಗಿಯುವುದರಿಂದ ಇಲ್ಲಿಯ ಪೇಪರಿಗೆ ಒಂದು ದಿನ ಬಿಟ್ಟು ಬರುತ್ತದೆ. ಆ ಸಣ್ಣ ಅಕ್ಷರದ ಪಟ್ಟಿಯನ್ನು ನಿಂತಲ್ಲೇ ಓದುತ್ತೇನೆ. ಮೊದಲ ಹದಿಮೂರು ಸಲ ಬ್ಯಾಟು ಹಿಡಿದು ಒಂದೂ ಹೊಡೆಯಲಿಲ್ಲ. ಬಹುಶಃ ಎಲ್ಲ ಪಿಚರುಗಳೂ ಅದೇ ನಿಧಾನದ ಚೆಂಡು ಹಾಕಿರಬೇಕು. ನನಗೆ ನಿದ್ದೆಗೇನೂ ತೊಂದರೆಯಾಗಲಿಲ್ಲ. ಬೆನಡೆಟ್ಟಿ ಮಾತಿಗೆ ತಪ್ಪದೆ ಹದಿನಾಲ್ಕನೇ ಸಲಕ್ಕೂ ಕಳಿಸಿದ. ಅಲ್ಲಿಂದ ಆರು ಆಟಗಳಲ್ಲಿ ಒಂಬತ್ತು ಹೊಡೆದಿದ್ದಾನೆ, ಅದರಲ್ಲಿ ಮೂರು ಎಡಗೈ ಪಿಚರುಗಳ ಎದುರು. ನನಗೆ ಇದು ಆಶ್ಚರ್ಯವಲ್ಲ.

ಒಂದು ಮಾತು ನಿನಗೆ ಮಾತ್ರ ಹೇಳುತ್ತೇನೆ. ಹ್ಯಾನ್ಲನ್ ಇನ್ನೆರಡು ವರ್ಷ ಆಡಿಯಾನು. ನಿನ್ನ ಗಂಡ ಹತ್ತು ವರ್ಷ ಆಡುತ್ತಾನೆ. ಐದು ವರ್ಷ ಕಳೆದ ಮೇಲೆ ಇದೇ ಊರಿನ ಜನ ಪೇಪರ್ ಹಿಡಿದುಕೊಂಡು, ಮುದುಕನೊಬ್ಬನಿಗಾಗಿ ಕೆಸ್ಲರ್‌ನಂಥವನನ್ನು ಬಿಟ್ಟುಕೊಟ್ಟ ಆ ಮಹಾನುಭಾವ ಯಾರು ಎಂದು ಕೇಳುತ್ತಾರೆ. ಕೇಳಲಿ. ಆ ದಿನ ಬರಬೇಕು ಎಂದೇ ನನ್ನ ಆಸೆ. ಮೂವತ್ತೊಂದು ವರ್ಷದ ಕೆಲಸದಲ್ಲಿ ನಾನು ಸಲಹೆ ಕೊಟ್ಟ ಟ್ರೇಡ್‌ನಲ್ಲಿ ಎದುರಿನವರು ಗೆಲ್ಲಲಿ ಎಂದು ಬಯಸಿದ್ದು ಇದೊಂದೇ ಸಲ. ಆದರೆ ಅದಕ್ಕೆ ಮೊದಲು ಈ ಅಕ್ಟೋಬರ್ ನಮ್ಮದಾಗಲಿ, ಅದನ್ನೂ ಬಿಡುವುದಿಲ್ಲ.

ನಿನಗೆ ಸಿಟ್ಟು ಬಂದಿದ್ದರೆ ಬರಲಿ. ನನ್ನ ಮೇಲೇ ಬರಲಿ, ಕ್ಲಬ್ಬಿನ ಮೇಲೂ ಬೇಡ, ಹಾರ್ವಿಯ ಮೇಲೂ ಬೇಡ. ಬರೆದು ಬೈ, ಫೋನಿನಲ್ಲಿ ಬೈ, ನಾನು ಕೇಳಿಸಿಕೊಳ್ಳುತ್ತೇನೆ. ಆದರೆ ಮತ್ತೆ ಅದೇ ಕೋಣೆಯಲ್ಲಿ ಕೂರಿಸಿ ಕೇಳಿದರೆ ಮತ್ತೆ ಅದೇ ಹೆಸರು ಹೇಳುತ್ತೇನೆ. ಇದನ್ನು ನಿನ್ನಿಂದ ಮುಚ್ಚಿಟ್ಟರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ.

ನೀರು ಚೆನ್ನಾಗಿ ಕುಡಿ. ಪೆಟ್ಟಿಗೆಗಳನ್ನು ನೀನು ಎತ್ತಬೇಡ, ಅಷ್ಟುದ್ದ ಕೈಯಿರುವ ಗಂಡ ಇದ್ದಾನೆ. ರಸ್ಸೆಲ್‌ಗೆ ನನ್ನ ಪ್ರೀತಿ, ಹೊಟ್ಟೆಯಲ್ಲಿರುವವರಿಗೆ ಅಜ್ಜನ ಮುತ್ತು. ನೀನು ಯಾವ ಊರಿನಲ್ಲಿದ್ದರೂ ಚೆನ್ನಾಗಿರು ಮಗಳೇ.

ನಿನ್ನ,
ಅಪ್ಪ

ಮರೆತ ಮಾತು: ಸೆಪ್ಟೆಂಬರ್ ಹದಿನೆಂಟರಿಂದ ಹದಿನೈದು ದಿನ ರಜೆ ಹಾಕಿದ್ದೇನೆ. ಸೀಸನ್ನಿನ ಕೊನೆಯ ಹದಿನೈದು ದಿನ ಯಾರಾದರೂ ರಜೆ ಕೇಳುತ್ತಾರಾ ಅಂತ ಹಾರ್ವಿ ಕೂಗಾಡಿದ, ಆಮೇಲೆ ಸಹಿ ಹಾಕಿದ. ನಿನ್ನ ಹೆರಿಗೆಗೆ ಬರುವ ಅಮ್ಮನ ಟಿಕೆಟಿನ ಜೊತೆ ನನ್ನದೂ ಆಗಿದೆ. ಅವಳಿಗಿನ್ನೂ ಹೇಳಿಲ್ಲ, ನಿನ್ನನ್ನು ಕೇಳಿ ಹೇಳೋಣ ಅಂತ. ನೀನು ಹುಟ್ಟಿದ ದಿನ ನಾನು ಓಕ್ಲಹೋಮಾದ ಒಂದು ಮೈದಾನದಲ್ಲಿ ಯಾವನೋ ಪಿಚರ್‌ನ ನೋಡುತ್ತಾ ಕೂತಿದ್ದೆ. ಅವನ ಹೆಸರು ಕೂಡ ಈಗ ನೆನಪಿಲ್ಲ. ಈ ಸಲ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತಿರುತ್ತೇನೆ, ಒಳಗೆ ಕರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಬೇಡ ಅನ್ನಿಸಿದರೆ ಒಂದು ಸಾಲು ಬರೆ. ಬರೆಯದಿದ್ದರೆ ಬಾ ಅಂದ ಹಾಗೆ ಅಂದುಕೊಳ್ಳುತ್ತೇನೆ.